ಸೀಸನ್ ಕೊನೆಯಲ್ಲಿ ಆಳಕಡಲಿಗೆ ಗಾಳ ಹಿಡಿದು ಹೊರಡುವವರಿಗೆ

ಪ್ರತಿ ವರ್ಷ ಬೇಸಿಗೆ ಕಳೆದು ಬೆಳಗಿನ ಗಾಳಿ ತಣ್ಣಗಾಗುತ್ತಿದ್ದ ಹಾಗೆ ಅದೇ ಪ್ರಶ್ನೆ ಶುರುವಾಗುತ್ತದೆ. "ಸೀಸನ್ ಮುಗೀತಲ್ವಾ? ಇನ್ನು ಅಷ್ಟು ದೂರ ಹೋಗಿ ಸುಮ್ನೆ ಡೀಸೆಲ್ ಸುಟ್ಟು ಬರೋದಾ?" ಒಬ್ಬೊಬ್ಬರಿಗೂ ಉತ್ತರ ಬರೆದು ಸಾಕಾಗಿದೆ. ಅದಕ್ಕೇ ಒಂದೇ ಸಲ ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಚಿಕ್ಕ ಉತ್ತರ ಇಷ್ಟು: ಧಾರಾಳವಾಗಿ ಹೋಗಿ. ಮೀನಿಗೆ ಬರ ಇರುವುದಿಲ್ಲ, ಒಳ್ಳೆಯ ದಿನಕ್ಕೆ ಬರ ಇರುತ್ತದೆ.

ಮೀನು ಯಾಕಿರುತ್ತದೆ ಅಂದರೆ, ನೀರು ಗಾಳಿಯಷ್ಟು ಬೇಗ ತಣ್ಣಗಾಗುವುದಿಲ್ಲ. ಉತ್ತರ ಗೋಳಾರ್ಧದಲ್ಲಿ ಅತಿ ಉದ್ದದ ಹಗಲು ಜೂನ್ 21ರ ಸುಮಾರಿಗೆ. ಆದರೆ ಕಡಲಿನ ಮೇಲ್ನೀರು ಅತಿ ಬೆಚ್ಚಗಾಗುವುದು ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ. ದಕ್ಷಿಣದಲ್ಲಿ ಅದೇ ಲೆಕ್ಕ ಫೆಬ್ರವರಿ, ಮಾರ್ಚ್‌ಗೆ ಬರುತ್ತದೆ. ದಡದಲ್ಲಿ ಜನ ಸ್ವೆಟರ್ ಹಾಕಿಕೊಂಡಿರುವಾಗಲೂ ಮೂವತ್ತು ನಲವತ್ತು ಮೈಲಿ ಆಚೆ ನೀರಿಗೆ ಇನ್ನೂ ಬೇಸಿಗೆಯೇ. ಸೀಸನ್ ಶುರುವಿನಲ್ಲಿ ಗೇಣುದ್ದ ಇದ್ದ ಮೀನುಗಳು ಇಷ್ಟು ಹೊತ್ತಿಗೆ ಮೈ ತುಂಬಿಕೊಂಡಿರುತ್ತವೆ, ಬೆಚ್ಚನೆ ನೀರು ಹಿಂದೆ ಸರಿಯುವ ಮುಂಚೆ ಸಿಕ್ಕಿದ್ದೆಲ್ಲ ತಿನ್ನುವ ಅವಸರದಲ್ಲೂ ಇರುತ್ತವೆ.

ಇಲ್ಲಿ ಹೇಳುವುದೆಲ್ಲ ಚಳಿಗಾಲಕ್ಕೆ ತಣ್ಣಗಾಗುವ ಕಡಲುಗಳ ಲೆಕ್ಕ. ಅಂದರೆ ಉತ್ತರದಲ್ಲಿ ಸೆಪ್ಟೆಂಬರ್‌ನಿಂದ ನವೆಂಬರ್, ದಕ್ಷಿಣದಲ್ಲಿ ಮಾರ್ಚ್‌ನಿಂದ ಮೇ. ಅರಬ್ಬಿ ಸಮುದ್ರದಂಥ ಕಡೆ ನೀರು ತಣ್ಣಗಾಗುವ ಮುಂಚೆಯೇ ಮುಂಗಾರಿನ ಗಾಳಿ ಎದ್ದು ಸೀಸನ್ ಮುಚ್ಚುತ್ತದೆ, ಅದರ ಕತೆಯೇ ಬೇರೆ.

ಇನ್ನು ಗೇಮ್ ಫಿಶಿಂಗ್ ಅಂದರೆ ಏನು ಅಂತ ಹೊಸಬರಿಗೆ: ಬಲೆ ಬೀಸಿ ರಾಶಿ ಹಿಡಿಯುವ ಕೆಲಸ ಇದಲ್ಲ. ಗಾಳಕೋಲು ಹಿಡಿದು, ದೊಡ್ಡದಾಗಿ ಬೆಳೆಯುವ, ಜೋರಾಗಿ ಓಡುವ ಮೀನಿನ ಜೊತೆ ಒಂದೊಂದಾಗಿ ಸೆಣಸುವುದು. ಮಾರ್ಲಿನ್, ಟ್ಯೂನಾ, ವಾಹೂ, ಮಹಿ ಮಹಿ, ಇಂಥವು.

ಬೇಕಾಗುವುದು ಏನೇನು

ಕಡಲಿಗೆ ತಕ್ಕ ದೋಣಿ, ಅದನ್ನು ನಡೆಸಲು ಬರುವ ಒಬ್ಬರು, ಜೊತೆಗೆ ಕನಿಷ್ಠ ಇಬ್ಬರು. ಒಬ್ಬರೇ ಹೋಗುವ ಯೋಚನೆ ಇದ್ದರೆ ಈ ಕಾಲದಲ್ಲಿ ಬೇಡ. 15ರಿಂದ 24 ಕೆಜಿ ಭಾರ ತಡೆಯುವ ದಾರ ಸುತ್ತಿದ ನಾಲ್ಕೈದು ಗಾಳಕೋಲು, ಹುಸಿ ಎರೆಗಳು, ಗಾಫ್ ಅಂದರೆ ಉದ್ದ ಹಿಡಿಯ ಕೊಕ್ಕೆ, ದಪ್ಪ ಕೈಗವಸು, ನೀವು ಅಂದುಕೊಂಡಿದ್ದಕ್ಕಿಂತ ಎರಡು ಪಟ್ಟು ಐಸ್. ಒಂದು ಸ್ಪ್ರಿಂಗ್ ತಕ್ಕಡಿಯೂ ಬೇಕು. ಅದು ಯಾಕೆ ಅಂತ ನಾಲ್ಕನೇ ಹಂತದಲ್ಲಿ ಹೇಳುತ್ತೇನೆ.

1. ಮೊದಲು ದಿನ ಆರಿಸಿ, ಆಮೇಲೆ ಮಿಕ್ಕಿದ್ದು

ಈ ಹಂತವನ್ನೇ ಜಾಸ್ತಿ ಜನ ಹಾರಿಸುತ್ತಾರೆ. ಭಾನುವಾರ ರಜೆ, ಹಾಗಾಗಿ ಭಾನುವಾರ ಕಡಲು ಚೆನ್ನಾಗಿರಬೇಕು ಅಂದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಅದು ನಡೆಯುತ್ತದೆ, ಸೀಸನ್ ಕೊನೆಯಲ್ಲಿ ನಡೆಯುವುದಿಲ್ಲ. ಈಗ ಒಂದರ ಹಿಂದೆ ಒಂದು ತಣ್ಣನೆ ಗಾಳಿಯ ಅಲೆಗಳು ಬರುತ್ತವೆ, ಎರಡರ ನಡುವೆ ಸಿಗುವ ಬಿಡುವು ಒಂದೋ ಎರಡೋ ದಿನ.

ಐದು ದಿನ ಮುಂಚೆಯಿಂದ ಮುನ್ಸೂಚನೆ ನೋಡುತ್ತಾ ಬನ್ನಿ. ಒಂದೇ ಆ್ಯಪ್ ನಂಬಬೇಡಿ. ಎರಡು ಬೇರೆ ಬೇರೆ ಮಾಡೆಲ್, ಅಂದರೆ ಹವಾಮಾನ ಲೆಕ್ಕ ಹಾಕುವ ಕಂಪ್ಯೂಟರ್ ಪದ್ಧತಿ ನೋಡಿ, ಅವೆರಡಕ್ಕೂ ತಾಳೆ ಆಗದಿದ್ದರೆ ಯಾವುದು ಕೆಟ್ಟದ್ದು ಹೇಳುತ್ತದೋ ಅದನ್ನು ನಂಬಿ.

ಗಾಳಿಯ ಲೆಕ್ಕ ನಾಟ್‌ನಲ್ಲಿರುತ್ತದೆ, ಒಂದು ನಾಟ್ ಅಂದರೆ ಗಂಟೆಗೆ 1.852 ಕಿಮೀ. 7ರಿಂದ 10 ನಾಟ್‌ಗೆ ಅಲ್ಲಲ್ಲಿ ಬಿಳಿ ನೊರೆ ಕಾಣುತ್ತದೆ. 11ರಿಂದ 16ಕ್ಕೆ ಎಲ್ಲಿ ನೋಡಿದರೂ ನೊರೆ. ಚಿಕ್ಕ ದೋಣಿಗೆ ನನ್ನ ಗೆರೆ 12. ನಿಮ್ಮ ದೋಣಿಗೆ ತಕ್ಕ ಗೆರೆ ನೀವು ಹಾಕಿಕೊಳ್ಳಿ, ಆದರೆ ಅದನ್ನು ದಡದಲ್ಲೇ ಹಾಕಿಕೊಳ್ಳಿ.

ಅಲೆಯ ಎತ್ತರದಲ್ಲಿ ಒಂದು ಮೋಸ ಇದೆ. ಮುನ್ಸೂಚನೆಯಲ್ಲಿ 1.5 ಮೀಟರ್ ಅಂತ ಇದ್ದರೆ ಅದು ಅತಿ ಎತ್ತರದ ಅಲೆ ಅಲ್ಲ. ಬರುವ ಅಲೆಗಳಲ್ಲಿ ದೊಡ್ಡ ಮೂರನೇ ಒಂದು ಭಾಗದ ಸರಾಸರಿ. ದಿನವಿಡೀ ಹೊರಗಿದ್ದರೆ ಅದರ ಎರಡು ಪಟ್ಟಿಗೆ ಹತ್ತಿರದ ಅಲೆಯೊಂದು ಬಂದೇ ಬರುತ್ತದೆ ಅಂತ ಇಟ್ಟುಕೊಂಡೇ ಹೊರಡಿ.

ಎತ್ತರಕ್ಕಿಂತ ಮುಖ್ಯವಾದದ್ದು ಪೀರಿಯಡ್, ಅಂದರೆ ಒಂದು ಅಲೆ ಬಂದು ಇನ್ನೊಂದು ಬರುವ ನಡುವಿನ ಸೆಕೆಂಡುಗಳು. 2 ಮೀಟರ್ ಅಲೆ 12 ಸೆಕೆಂಡಿಗೆ ಒಂದರಂತೆ ಬಂದರೆ ಅದು ತೊಟ್ಟಿಲು. ಅದೇ 2 ಮೀಟರ್ 6 ಸೆಕೆಂಡಿಗೆ ಒಂದು ಬಂದರೆ ಗೋಡೆ. ನಾನೇ ಒಮ್ಮೆ 1.8 ಅಂತ ಮಾತ್ರ ನೋಡಿ, ಪಕ್ಕದಲ್ಲಿದ್ದ 6 ನೋಡದೆ ಹೊರಟು, ಎರಡು ಗಂಟೆಯ ದಾರಿಯನ್ನು ಐದು ಗಂಟೆಯಲ್ಲಿ ವಾಪಸ್ ಬಂದಿದ್ದೇನೆ. ಒಂದು ಗಾಳ ಕೂಡ ನೀರಿಗೆ ಬಿದ್ದಿರಲಿಲ್ಲ.

ಗಾಳಿ ಮತ್ತು ನೀರಿನ ಸೆಳೆತ ಎದುರುಬದುರಾದರೆ ಇನ್ನೂ ಕಷ್ಟ. ಅಮೆರಿಕದ ಪೂರ್ವ ಕರಾವಳಿಯ ಗಲ್ಫ್ ಸ್ಟ್ರೀಮ್ ಸೆಳೆತ ಈಶಾನ್ಯದ ಕಡೆ ಹರಿಯುತ್ತದೆ, ಅದರ ಮೇಲೆ ಬಡಗಣ ಗಾಳಿ ಬಿದ್ದರೆ ಅಲೆಗಳು ಕಡಿದಾಗಿ ನಿಲ್ಲುತ್ತವೆ. ಪೂರ್ವ ಆಸ್ಟ್ರೇಲಿಯಾದ ಸೆಳೆತ ದಕ್ಷಿಣಕ್ಕೆ ಹರಿಯುತ್ತದೆ, ಅಲ್ಲಿ ತೆಂಕಣ ಗಾಳಿ ಬಂದರೆ ಅದೇ ಪಾಡು. ದಕ್ಷಿಣ ಆಫ್ರಿಕಾದ ಅಗುಲ್ಹಾಸ್ ಸೆಳೆತಕ್ಕೆ ಎದುರಾಗಿ ನೈಋತ್ಯದ ಗಾಳಿ ಬೀಸಿದಾಗ ಏಳುವ ಅಲೆಗಳು ದೊಡ್ಡ ಹಡಗುಗಳಿಗೇ ಪೆಟ್ಟು ಕೊಟ್ಟಿವೆ. ಮೀನು ಸಿಗುವ ಬೆಚ್ಚನೆ ನೀರು ಈ ಸೆಳೆತದೊಳಗೇ ಇರುತ್ತದೆ, ಅದೇ ಕಷ್ಟ. ದಡದ ಹತ್ತಿರ ಕಡಲು ಶಾಂತವಾಗಿದೆ ಅಂದರೆ ಅಲ್ಲೂ ಶಾಂತವಾಗಿದೆ ಅಂತ ಅರ್ಥ ಅಲ್ಲ.

ಹಾಗಾದರೆ ಯಾವ ದಿನ? ಗಾಳಿ ಅಡಗಿದ ಮೊದಲ ದಿನ ಬಿಟ್ಟು ಎರಡನೇ ದಿನ. ಗಾಳಿ ನಿಂತ ಮೇಲೂ ಅಲೆ ಅರ್ಧ ದಿನ, ಒಂದು ದಿನ ಉರುಳುತ್ತಲೇ ಇರುತ್ತದೆ, ಕದಡಿದ ನೀರು ತಿಳಿಯಾಗಲೂ ಹೊತ್ತು ಬೇಕು. ಮುಂದಿನ ಗಾಳಿ ಯಾವಾಗ ಅಂತಲೂ ಆಗಲೇ ನೋಡಿಟ್ಟುಕೊಳ್ಳಿ. ಮಧ್ಯಾಹ್ನ 3ಕ್ಕೆ ಗಾಳಿ ತಿರುಗುತ್ತದೆ ಅಂತಿದ್ದರೆ 11ಕ್ಕೆ ಗಾಳ ಎತ್ತಿ ಮುಖ ದಡದ ಕಡೆ ಇರಬೇಕು. ಮೀನು ಕಚ್ಚುತ್ತಿದೆ, ಇನ್ನೊಂದರ್ಧ ಗಂಟೆ, ಅನ್ನುವ ಮಾತು ಬಂದೇ ಬರುತ್ತದೆ. ಅದಕ್ಕೇ ಸಮಯವನ್ನು ಹಿಂದಿನ ರಾತ್ರಿ ಎಲ್ಲರ ಎದುರು ಹೇಳಿಬಿಡಿ.

2. ನೀರು ಹುಡುಕಿ

ಆಳಕಡಲು ಮೈದಾನದ ಹಾಗೆ ಕಂಡರೂ ಅದರಲ್ಲಿ ಗಡಿಗಳಿವೆ. ಬೆಚ್ಚನೆ ನೀಲಿ ನೀರು, ತಣ್ಣನೆ ಹಸಿರು ನೀರು ಕೂಡುವ ಕಡೆ ಒಂದು ಗೆರೆ ಬೀಳುತ್ತದೆ. ಕಡಲ ನೊರೆ, ಪಾಚಿ, ಕಸ, ಮರಿಮೀನು ಎಲ್ಲ ಅಲ್ಲಿಗೆ ಬಂದು ಸೇರುತ್ತವೆ, ಅವನ್ನು ತಿನ್ನಲು ದೊಡ್ಡವು ಬರುತ್ತವೆ. ಸೀಸನ್ ಕೊನೆಯಲ್ಲಿ ದಡದ ಕಡೆಯ ನೀರು ಮೊದಲು ತಣ್ಣಗಾಗುವುದರಿಂದ ಈ ಗಡಿ ಎದ್ದು ಕಾಣುತ್ತದೆ, ನಮಗೆ ಇದೊಂದು ಅನುಕೂಲ.

ಇದನ್ನು ಮನೆಯಲ್ಲೇ ಹುಡುಕಬಹುದು. ಉಪಗ್ರಹ ಅಳೆದ ಮೇಲ್ನೀರಿನ ಉಷ್ಣತೆಯ ನಕ್ಷೆಗಳು ಪುಕ್ಕಟೆ ಸಿಗುತ್ತವೆ, ಯುರೋಪಿನ ಕೋಪರ್ನಿಕಸ್ ಮರೀನ್ ಸೇವೆಯಲ್ಲಿ ಇಡೀ ಜಗತ್ತಿನದ್ದು ಇದೆ. ಒಂದೆರಡು ಮೈಲಿ ದೂರದಲ್ಲೇ ಒಂದು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇರುವ ಕಡೆ ಗುರುತು ಹಾಕಿ. ಅದರ ಮೇಲೆ ಕ್ಲೋರೊಫಿಲ್ ನಕ್ಷೆ ಇಟ್ಟು ನೋಡಿ. ನೀರಿನಲ್ಲಿ ಹಸಿರು ಎಷ್ಟಿದೆ ಅಂತ ತೋರಿಸುವ ನಕ್ಷೆ ಅದು. ಎರಡರಲ್ಲೂ ಗೆರೆ ಒಂದೇ ಕಡೆ ಬಿದ್ದರೆ ಗಟ್ಟಿ ಗಡಿ.

ಈಗ ಮೂರನೆಯದು, ಆಳದ ನಕ್ಷೆ. 100 ಮಾರು, ಅಂದರೆ ಸುಮಾರು 183 ಮೀಟರ್ ಆಳದ ಗೆರೆ ಎಲ್ಲಿದೆ ನೋಡಿ. ಬಹಳ ಕಡೆ ಸುಮಾರು ಅಲ್ಲಿಂದಾಚೆಗೆ ಕಡಲತಳ ಒಮ್ಮೆಲೇ ಇಳಿಯುತ್ತದೆ. ಆ ಅಂಚಿನಲ್ಲಿ ಕಣಿವೆ, ದಿಬ್ಬ ಇದ್ದರೆ ಸೆಳೆತ ಅದಕ್ಕೆ ಬಡಿದು ತಳದ ನೀರನ್ನು ಮೇಲಕ್ಕೆ ತಳ್ಳುತ್ತದೆ. ಬೆಚ್ಚನೆ ನೀರಿನ ಗಡಿ ಇಂಥ ಅಂಚಿನ ಮೇಲೆ ಹಾದುಹೋಗುವ ಜಾಗ ಸಿಕ್ಕಿತಾ? ಅಲ್ಲಿಗೆ ಹೋಗಿ. ಕಳೆದ ತಿಂಗಳು ಮೀನು ಸಿಕ್ಕ ಜಾಗಕ್ಕೆ ಹೋಗಬೇಡಿ, ಆ ನೀರು ಈಗ ಅಲ್ಲಿಲ್ಲ.

ಎಚ್ಚರಿಕೆ: ಇನ್ಫ್ರಾರೆಡ್ ಉಪಗ್ರಹಕ್ಕೆ ಮೋಡದ ಕೆಳಗೆ ಏನಿದೆ ಕಾಣುವುದಿಲ್ಲ. ಈ ಕಾಲದಲ್ಲಿ ಮೋಡ ಜಾಸ್ತಿ. ಹಾಗಾಗಿ ನಿಮ್ಮೆದುರಿನ ನಕ್ಷೆ ಮೂರು ನಾಲ್ಕು ದಿನದ ಚಿತ್ರಗಳನ್ನು ಸೇರಿಸಿ ಹೊಲಿದದ್ದಿರಬಹುದು. ತಾರೀಖು ನೋಡದೆ ನಂಬಿದರೆ ಹಳೇ ನೀರಿಗೆ ಹೋಗಿ ನಿಲ್ಲುತ್ತೀರಿ.

3. ಯಾವ ಮೀನು ಅಂತ ತೀರ್ಮಾನಿಸಿ

ಎಲ್ಲ ಮೀನಿಗೂ ಸ್ವಲ್ಪ ಸ್ವಲ್ಪ ಅಂತ ಹೋದರೆ ಯಾವುದೂ ಸಿಗುವುದಿಲ್ಲ. ನೀರಿನ ಡಿಗ್ರಿ ನೋಡಿ ಆರಿಸಿಕೊಳ್ಳಿ.

22ಕ್ಕಿಂತ ಮೇಲಿದ್ದರೆ ಮಹಿ ಮಹಿ, ವಾಹೂ, ನೀಲಿ ಮಾರ್ಲಿನ್. ಮಹಿ ಮಹಿ ಬಹಳ ಬೇಗ ಬೆಳೆಯುವ ಮೀನು, ಒಂದೇ ವರ್ಷದಲ್ಲಿ ಮೀಟರ್ ದಾಟಬಲ್ಲದು, ಆಯಸ್ಸು ನಾಲ್ಕೈದು ವರ್ಷ ಅಷ್ಟೆ. ಹಾಗಾಗಿ ಮೂರು ನಾಲ್ಕು ತಿಂಗಳ ಅಂತರ ಕೂಡ ಅದರ ಮೈಯಲ್ಲಿ ಕಾಣುತ್ತದೆ. ತೇಲುವ ಮರದ ತುಂಡು, ಪಾಚಿಯ ಸಾಲು, ಯಾರೋ ಕಳೆದುಕೊಂಡ ಹಗ್ಗ, ಯಾವುದರ ನೆರಳಿದ್ದರೂ ಅದಕ್ಕೆ ಸಾಕು.

20ರಿಂದ 25ರ ನಡುವೆ ಪಟ್ಟೆ ಮಾರ್ಲಿನ್, ಹಳದಿ ರೆಕ್ಕೆಯ ಟ್ಯೂನಾ. ನನ್ನ ಲೆಕ್ಕದಲ್ಲಿ ಸೀಸನ್ ಕೊನೆಯ ನಿಜವಾದ ಮೀನುಗಳು ಇವೇ. 15ರಿಂದ 20ಕ್ಕೆ ಇಳಿದರೆ ಆಲ್ಬಕೋರ್ ಟ್ಯೂನಾ. ಬ್ಲೂಫಿನ್ ಟ್ಯೂನಾಗೆ ಈ ಲೆಕ್ಕ ಹತ್ತುವುದಿಲ್ಲ. ತನ್ನ ಮೈಯ ಬಿಸಿಯನ್ನು ಒಳಗೇ ಹಿಡಿದಿಟ್ಟುಕೊಳ್ಳುವ ಮೀನು ಅದು, ಬೇರೆಯವು ಓಡಿಹೋದ ತಣ್ಣನೆ ನೀರಿನಲ್ಲೂ ಇರುತ್ತದೆ.

ಇಲ್ಲೇ ಇನ್ನೊಂದು ಕೆಲಸ ಮುಗಿಸಿ: ನಿಯಮ ನೋಡಿ. ಕೆಲವು ಮೀನಿಗೆ ವರ್ಷಕ್ಕೆ ಇಷ್ಟು ಅಂತ ಮಿತಿ ಇರುತ್ತದೆ, ಅದು ತುಂಬಿದರೆ ಸೀಸನ್ ಮಧ್ಯದಲ್ಲೇ ಬಾಗಿಲು ಹಾಕುತ್ತಾರೆ. ಸೀಸನ್ ಕೊನೆಯಲ್ಲಿ ಹಾಗಾಗುವ ಸಾಧ್ಯತೆ ಜಾಸ್ತಿ. ಹೋದ ತಿಂಗಳು ಇಟ್ಟುಕೊಳ್ಳಬಹುದಾಗಿದ್ದ ಮೀನನ್ನು ಈ ತಿಂಗಳು ಬಿಡಬೇಕಾಗಬಹುದು. ಹೊರಡುವ ಹಿಂದಿನ ದಿನ ಇಲಾಖೆಯ ಪ್ರಕಟಣೆ ನೋಡುವುದು ಎರಡು ನಿಮಿಷದ ಕೆಲಸ.

4. ಸಾಮಾನು ಬಿಚ್ಚಿ ನೋಡಿ

ನಿಮ್ಮ ರೀಲು ಇಡೀ ಸೀಸನ್ ಉಪ್ಪು ಕುಡಿದಿದೆ. ದೊಡ್ಡ ಮೀನು ಬರುವ ಹೊತ್ತಿಗೆ ಸಾಮಾನು ಸೋತಿರುತ್ತದೆ, ಇದು ಈ ಕಾಲದ ತಮಾಷೆ.

ದಾರದ ಮೊದಲ ಇಪ್ಪತ್ತು ಮೀಟರನ್ನು ಎರಡು ಬೆರಳ ನಡುವೆ ನಿಧಾನಕ್ಕೆ ಎಳೆಯಿರಿ. ಉಗುರಿಗೆ ತರಿತರಿ ಸಿಕ್ಕರೆ ಕತ್ತರಿಸಿ ಎಸೆಯಿರಿ. ಗಾಳಕೋಲಿನ ಉಂಗುರಗಳ ಒಳಗೆ ಹತ್ತಿಯ ಉಂಡೆ ತೂರಿಸಿ ತಿರುಗಿಸಿ, ಬಿರುಕಿದ್ದರೆ ಎಳೆ ಸಿಕ್ಕಿಕೊಳ್ಳುತ್ತದೆ. ಗಾಳದ ಕೊಕ್ಕೆಯ ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಒತ್ತದೆ ಎಳೆಯಿರಿ. ಜಾರಿದರೆ ಮೊಂಡಾಗಿದೆ, ಕಚ್ಚಿ ನಿಂತರೆ ಸರಿ.

ಈಗ ಡ್ರ್ಯಾಗ್. ರೀಲಿನೊಳಗಿನ ಬ್ರೇಕ್ ಅಂತ ತಿಳಿದುಕೊಳ್ಳಿ. ಮೀನು ಎಳೆದಾಗ ಎಷ್ಟು ಬಲಕ್ಕೆ ದಾರ ಬಿಡಬೇಕು ಅಂತ ತೀರ್ಮಾನಿಸುವುದು ಇದೇ. ದಾರ ತಡೆಯುವ ಭಾರದ ಮೂರನೇ ಒಂದು ಭಾಗಕ್ಕೆ ಇಡುವುದು ರೂಢಿ. 24 ಕೆಜಿ ದಾರಕ್ಕೆ 8 ಕೆಜಿ. ಕೈಯಲ್ಲಿ ಎಳೆದು "ಸರಿ ಇದೆ" ಅನ್ನುವವರನ್ನು ನಂಬಬೇಡಿ. ಸ್ಪ್ರಿಂಗ್ ತಕ್ಕಡಿಗೆ ದಾರದ ತುದಿ ಕಟ್ಟಿ, ಒಬ್ಬರು ಗಾಳಕೋಲನ್ನು ಮೀನು ಹಿಡಿದಾಗಿನ ಹಾಗೆ ಬಾಗಿಸಿ ಹಿಡಿಯಲಿ, ಇನ್ನೊಬ್ಬರು ತಕ್ಕಡಿ ಎಳೆಯುತ್ತಾ ಹಿಂದಕ್ಕೆ ನಡೆಯಲಿ. ದಾರ ಜಾರಲು ಶುರುವಾದಾಗ ಮುಳ್ಳು 8ರ ಮೇಲಿರಬೇಕು. ಮುಳ್ಳು 5ಕ್ಕೂ 11ಕ್ಕೂ ನಡುವೆ ಕುಣಿಯುತ್ತಿದ್ದರೆ ಒಳಗಿನ ತಟ್ಟೆಗಳಿಗೆ ಉಪ್ಪು ಹಿಡಿದಿದೆ, ಸರ್ವಿಸ್ ಮಾಡಿಸದೆ ಆ ರೀಲು ಒಯ್ಯಬೇಡಿ.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಮೀನು ಓಡಿದಂತೆ ಸ್ಪೂಲ್ ಅಂದರೆ ದಾರದ ಉರುಳೆ ಸಣ್ಣದಾಗುತ್ತದೆ. ಅದರ ಅಡ್ಡಗಲ ಅರ್ಧಕ್ಕೆ ಇಳಿದರೆ ಡ್ರ್ಯಾಗ್ ತಾನಾಗೇ ಎರಡು ಪಟ್ಟಾಗುತ್ತದೆ. ನೀವು ಇಟ್ಟ 8 ಕೆಜಿ ಈಗ 16. ನೀರಿನಲ್ಲಿ ಬಿದ್ದಿರುವ ಮುನ್ನೂರು ನಾನೂರು ಮೀಟರ್ ದಾರದ ಎಳೆತ ಅದರ ಮೇಲೆ ಸೇರುತ್ತದೆ. ಹೆದರಿ ಡ್ರ್ಯಾಗ್ ಬಿಗಿ ಮಾಡುವವರು ದಾರ ಕಡಿಸಿಕೊಳ್ಳುವುದು ಇಲ್ಲೇ. ಮೀನು ದೂರ ಓಡಿದಾಗ ಡ್ರ್ಯಾಗ್ ಸಡಿಲಿಸಬೇಕು, ದೋಣಿಯನ್ನು ಮೀನಿನ ಕಡೆ ತಿರುಗಿಸಬೇಕು.

ಕೊನೆಗೆ ಲೀಡರ್, ಅಂದರೆ ಕೊಕ್ಕೆಗೂ ದಾರಕ್ಕೂ ನಡುವಿನ ದಪ್ಪ ಎಳೆ. ವಾಹೂ ಬರುವ ನೀರಾದರೆ ತಂತಿಯ ಲೀಡರ್ ಬೇಕು, ಅದರ ಹಲ್ಲು ಕತ್ತರಿಯಂತಿದೆ. ದಾಖಲೆಯ ಆಸೆ ಇದ್ದರೆ 1939ರಲ್ಲಿ ಶುರುವಾದ ಐಜಿಎಫ್‌ಎ, ಅಂದರೆ ಅಂತಾರಾಷ್ಟ್ರೀಯ ಗೇಮ್ ಫಿಶ್ ಸಂಘದ ನಿಯಮ ಪಾಲಿಸಬೇಕು. 10 ಕೆಜಿವರೆಗಿನ ದಾರಕ್ಕೆ ಲೀಡರ್ 4.57 ಮೀಟರ್, ಅದಕ್ಕಿಂತ ಮೇಲೆ 9.14 ಮೀಟರ್ ಮೀರಬಾರದು. ಮೀನು ಕಚ್ಚಿದ ಮೇಲೆ ಇನ್ನೊಬ್ಬರು ಗಾಳಕೋಲು ಮುಟ್ಟಿದರೂ ದಾಖಲೆ ಹೋಯಿತು.

5. ದೋಣಿ ಮತ್ತು ನಿಮ್ಮ ಜೀವ

ಇಂಧನಕ್ಕೆ ಮೂರನೇ ಒಂದು ಭಾಗದ ಲೆಕ್ಕ: ಹೋಗಲು ಒಂದು, ಬರಲು ಒಂದು, ಕೈಗಾವಲಿಗೆ ಒಂದು. ಮೀನು ಹಿಡಿಯುವಾಗ ಸುಡುವುದು ಮೊದಲ ಭಾಗದಲ್ಲೇ ಸೇರಬೇಕು.

ಮೊಬೈಲ್ ಅಲ್ಲಿ ಕೆಲಸ ಮಾಡುವುದಿಲ್ಲ. ವಿಎಚ್‌ಎಫ್ ರೇಡಿಯೊ ಬೇಕು, ತುರ್ತಿಗೆ 16ನೇ ಚಾನೆಲ್. ಜೊತೆಗೆ ಈಪರ್ಬ್. ಅಪಾಯದಲ್ಲಿ ಗುಂಡಿ ಒತ್ತಿದರೆ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಸಂಕೇತ ಕಳಿಸುವ ಪೆಟ್ಟಿಗೆ ಇದು. ನಿಮ್ಮ ಹೆಸರಿಗೆ ನೋಂದಣಿ ಆಗಿರಬೇಕು. ಬ್ಯಾಟರಿಯ ತಾರೀಖು ಮುಗಿದಿದೆಯಾ ಅಂತ ಈಗಲೇ ಎದ್ದು ಹೋಗಿ ನೋಡಿ ಬನ್ನಿ, ಆಮೇಲೆ ಓದಬಹುದು.

ಹಗಲು ಚಿಕ್ಕದಾಗಿರುತ್ತದೆ, ಬೇಸಿಗೆಯ ಅಂದಾಜಿನಲ್ಲಿ ಹೊರಟರೆ ಕತ್ತಲಲ್ಲಿ ವಾಪಸ್ ಬರುತ್ತೀರಿ. ನೀರಿಗೆ ಬಿದ್ದರೆ ತಣ್ಣನೆ ನೀರು ಮೊದಲ ನಿಮಿಷದಲ್ಲೇ ಉಸಿರು ಕಟ್ಟಿಸುತ್ತದೆ, ಈಜು ಬರುವುದೂ ಬಾರದಿರುವುದೂ ಆಗ ಒಂದೇ. ಲೈಫ್ ಜಾಕೆಟ್ ಸೀಟಿನ ಕೆಳಗೆ ಅಲ್ಲ, ಮೈಮೇಲೆ ಇರಲಿ. ಎಲ್ಲಿಗೆ, ಯಾರ್‍ಯಾರು, ಎಷ್ಟೊತ್ತಿಗೆ ವಾಪಸ್ ಅಂತ ದಡದಲ್ಲಿ ಒಬ್ಬರಿಗೆ ಬರೆದು ಕೊಡಿ.

6. ಅಲ್ಲಿಗೆ ಹೋದ ಮೇಲೆ

ಗುರುತು ಹಾಕಿದ ಜಾಗಕ್ಕೆ ಎರಡು ಮೈಲಿ ಇರುವಾಗಲೇ ವೇಗ ಇಳಿಸಿ ಉಷ್ಣತೆಯ ಮೀಟರ್ ನೋಡುತ್ತಾ ಬನ್ನಿ. ಅಂಕಿ 19.4, 19.6 ಅಂತ ತೆವಳುತ್ತಿದ್ದದ್ದು ಇದ್ದಕ್ಕಿದ್ದಂತೆ 20.9ಕ್ಕೆ ಹಾರಿದರೆ ಗಡಿ ದಾಟಿದಿರಿ. ತಲೆ ಎತ್ತಿ ನೋಡಿ, ನೀರಿನ ಬಣ್ಣವೂ ಬದಲಾಗಿರುತ್ತದೆ. ಗಡಿಯನ್ನು ಅಡ್ಡ ಸೀಳಿಕೊಂಡು ಮುಂದೆ ಹೋಗಬೇಡಿ. ಅದರ ಉದ್ದಕ್ಕೂ ಹಾವಿನ ಹಾಗೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಸಾಗಿ.

ಹಕ್ಕಿಗಳನ್ನು ಓದಲು ಕಲಿಯಿರಿ. ನೀರಿನ ಮೇಲೆ ಸುಮ್ಮನೆ ಕೂತ ಹಕ್ಕಿಗಳು ಅಂದರೆ ಊಟ ಆಗಿದೆ ಅಥವಾ ಆಗಲಿದೆ. ಒಂದೇ ಕಡೆ ಧುಮುಕುತ್ತಿದ್ದರೆ ಕೆಳಗೆ ಮೀನು ಮರಿಹಿಂಡನ್ನು ಮೇಲಕ್ಕೆ ಅಟ್ಟಿದೆ. ಬೆಚ್ಚನೆ ನೀರಿನಲ್ಲಿ ಫ್ರಿಗೇಟ್ ಹಕ್ಕಿ ಕಂಡರೆ ಬಿಡಬೇಡಿ. ಅದರ ಗರಿ ನೀರು ತಡೆಯುವುದಿಲ್ಲ, ಹಾಗಾಗಿ ಕಡಲ ಮೇಲೆ ಕೂರಲಾಗುವುದಿಲ್ಲ. ಕೆಳಗಿನ ದೊಡ್ಡ ಮೀನು ಹಾರುಮೀನನ್ನು ನೀರಿನಿಂದ ಎಬ್ಬಿಸಲಿ ಅಂತ ಮೇಲೇ ಸುತ್ತುತ್ತಿರುತ್ತದೆ. ಒಂಟಿ ಫ್ರಿಗೇಟ್ ಒಂದೇ ಜಾಗದ ಮೇಲೆ ತಗ್ಗಿ ತಗ್ಗಿ ಬರುತ್ತಿದ್ದರೆ ಅದರ ಕೆಳಗೆ ಏನೋ ಇದೆ.

ಟ್ರೋಲಿಂಗ್, ಅಂದರೆ ದೋಣಿ ಓಡಿಸುತ್ತಾ ಹಿಂದೆ ಹುಸಿ ಎರೆ ಎಳೆಯುವುದು. ಮಾರ್ಲಿನ್‌ಗೆ 6ರಿಂದ 9 ನಾಟ್, ಟ್ಯೂನಾಗೆ 5ರಿಂದ 7, ವಾಹೂಗೆ ಬೇಕಾದರೆ 12ರಿಂದ 16ರವರೆಗೂ ಓಡಿಸಬಹುದು. ಜೀವಂತ ಎರೆಯಾದರೆ 1ರಿಂದ 3, ಅದಕ್ಕಿಂತ ಜೋರಾದರೆ ಎರೆ ಸಾಯುತ್ತದೆ. ದೋಣಿಯ ಹಿಂದೆ ಏಳುವ ಅಲೆಗಳಲ್ಲಿ ಎರಡನೆಯದರಿಂದ ಐದಾರನೆಯದರವರೆಗೆ ಒಂದೊಂದರ ಮುಂಭಾಗದ ಇಳಿಜಾರಿನಲ್ಲಿ ಒಂದೊಂದು ಎರೆ ಇರಲಿ. ಎರೆ ಕೆಲವು ಸೆಕೆಂಡಿಗೊಮ್ಮೆ ಮೇಲೆ ಬಂದು ಉಸಿರೆಳೆದು, ಮತ್ತೆ ಮುಳುಗಿ ಹೊಗೆಯಂಥ ಗುಳ್ಳೆ ಬಿಟ್ಟುಕೊಂಡು ಹೋಗಬೇಕು. ಬರೀ ಕುಪ್ಪಳಿಸುತ್ತಿದ್ದರೆ ವೇಗ ಜಾಸ್ತಿಯಾಗಿದೆ ಅಥವಾ ಅಲೆಗೆ ಅದು ಹಗುರ. ಕಡಲು ಕಲಕಿದ ದಿನ ಗುಂಡಿನಾಕಾರದ, ಭಾರ ತಲೆಯ ಎರೆ ಹಾಕಿ, ಅದು ನೀರಿನೊಳಗೇ ನಿಲ್ಲುತ್ತದೆ. ಬಣ್ಣದ ಬಗ್ಗೆ ದಿನಗಟ್ಟಲೆ ಜಗಳವಾಡುವವರಿದ್ದಾರೆ. ನಾನು ಮೋಡದ ದಿನ ಕಪ್ಪು-ನೇರಳೆ ಒಂದು ಹಾಕಿ ಮಿಕ್ಕಿದ್ದನ್ನು ಅದೃಷ್ಟಕ್ಕೆ ಬಿಡುತ್ತೇನೆ.

ಬಣ್ಣಕ್ಕಿಂತ ಅಳತೆ ಮುಖ್ಯ. ಇಟ್ಟುಕೊಳ್ಳುವ ಮೊದಲ ಮೀನಿನ ಹೊಟ್ಟೆ ಅಲ್ಲೇ ಕೊಯ್ದು ನೋಡಿ. ಬೆರಳುದ್ದದ ಬೊಂಡಾಸ್ (ಸ್ಕ್ವಿಡ್) ತುಂಬಿದ್ದರೆ ನಿಮ್ಮ ಗೇಣುದ್ದದ ಎರೆಯನ್ನು ಅವು ಯಾಕೆ ನೋಡುತ್ತಿರಲಿಲ್ಲ ಅಂತ ಗೊತ್ತಾಗುತ್ತದೆ. ಚಿಕ್ಕದ್ದು ಕಟ್ಟಿ. ಕೈಯಗಲದ ಬಂಗುಡೆ ಇದ್ದರೆ ದೊಡ್ಡದಕ್ಕೆ ಹೋಗಿ.

7. ಮೀನು ಕಚ್ಚಿತು, ಈಗ?

ತಕ್ಷಣ ದೋಣಿ ನಿಲ್ಲಿಸಬೇಡಿ. ಟ್ಯೂನಾ ಒಂದೇ ಬರುವುದು ಕಡಿಮೆ, ಇನ್ನೂ ಕೆಲವು ಸೆಕೆಂಡು ಮುಂದೆ ಹೋದರೆ ಎರಡನೆಯದು, ಮೂರನೆಯದು ಕಚ್ಚಬಹುದು. ಆಮೇಲೆ ಮಿಕ್ಕ ಗಾಳಗಳನ್ನು ಒಳಗೆಳೆದುಕೊಳ್ಳಿ. ಜಿಪಿಎಸ್‌ನಲ್ಲಿ ಜಾಗದ ಗುರುತು ಒತ್ತುವುದನ್ನು ಆ ಗಲಾಟೆಯಲ್ಲಿ ಎಲ್ಲರೂ ಮರೆಯುತ್ತಾರೆ, ಅದಕ್ಕೇ ಅಂತ ಒಬ್ಬರನ್ನು ನೇಮಿಸಿ. ಮಹಿ ಮಹಿ ಹಿಂಡಾದರೆ ಮೊದಲು ಸಿಕ್ಕಿದ್ದನ್ನು ಬೇಗ ಮೇಲೆಳೆಯದೆ ನೀರಲ್ಲೇ ಬಿಟ್ಟಿರಿ, ಮಿಕ್ಕವು ಅದರ ಜೊತೆಗೇ ದೋಣಿಯ ಹತ್ತಿರ ನಿಲ್ಲುತ್ತವೆ.

ಎರೆಮೀನಿಗೆ ಸರ್ಕಲ್ ಕೊಕ್ಕೆ ಹಾಕಿದ್ದರೆ, ಅಂದರೆ ಮೊನೆ ಒಳಮುಖವಾಗಿ ಬಾಗಿದ ದುಂಡು ಕೊಕ್ಕೆ, ಜೋರಾಗಿ ಎಳೆಯಬೇಡಿ. ಮೀನು ಎರೆ ನುಂಗಿ ತಿರುಗಿ ಹೋಗಲಿ, ದಾರ ಬಿಗಿಯಾದಾಗ ಕೊಕ್ಕೆ ತಾನಾಗೇ ದವಡೆಯ ಮೂಲೆಗೆ ಬಂದು ಕೂರುತ್ತದೆ. ಹಳೇ ಅಭ್ಯಾಸದಲ್ಲಿ ಎಳೆದಿರೋ, ಖಾಲಿ ಕೊಕ್ಕೆ ಹಾರಿ ಬರುತ್ತದೆ.

ಅತಿ ಅಪಾಯದ ಹೊತ್ತು ಕೊನೆಯಲ್ಲಿ ಬರುತ್ತದೆ. ಮೀನು ದೋಣಿಯ ಪಕ್ಕ ಬಂದಾಗ ಒಬ್ಬರು ಲೀಡರನ್ನು ಕೈಗೆ ಸುತ್ತಿ ಎಳೆಯುತ್ತಾರೆ. ಕೈಗವಸು ಇಲ್ಲದೆ ಮುಟ್ಟಲೇಬೇಡಿ. ಸುತ್ತಿದ್ದು ಕೈ ಬಿಚ್ಚಿದ ಕೂಡಲೇ ಜಾರಿಹೋಗುವಂತಿರಬೇಕು, ಒಂದರ ಮೇಲೊಂದು ಬಿದ್ದು ಬಿಗಿಯಬಾರದು. ಹೀಗೆ ಸಿಕ್ಕಿಕೊಂಡು ದೋಣಿಯಿಂದ ನೀರಿಗೆ ಎಳೆಯಲ್ಪಟ್ಟು ಸತ್ತವರಿದ್ದಾರೆ. ಕೆಳಗೆ ಬಿದ್ದ ಲೀಡರಿನ ಸುರುಳಿಯೊಳಗೆ ಯಾರ ಕಾಲೂ ಇರಬಾರದು. ಲೀಡರ್ ಹಿಡಿದವರು ಮುಂದೆ, ಗಾಫ್ ಹಿಡಿದವರು ಅವರ ಹಿಂದೆ. ಯಾರು ಏನು ಮಾಡಬೇಕು ಅಂತ ಬೆಳಿಗ್ಗೆಯೇ ಮಾತಾಡಿಕೊಂಡಿರಿ.

8. ಬಿಡುವುದಾದರೆ

ಮಾರ್ಲಿನ್ ಅಂಥವನ್ನು ಬಿಡುವವರೇ ಈಗ ಜಾಸ್ತಿ, ನಾನೂ ಬಿಡುತ್ತೇನೆ. ಬಿಡುವ ಮೀನನ್ನು ಫೋಟೊಗೆ ಅಂತ ಮೇಲೆತ್ತಬೇಡಿ. ನೀರಲ್ಲೇ ಇರಲಿ, ಫೋಟೊ ಅಲ್ಲಿಂದಲೇ ತೆಗೆಯಿರಿ. ಕೊಕ್ಕೆ ಆಳಕ್ಕೆ ಹೋಗಿದ್ದರೆ ಕೀಳಲು ಹೋಗದೆ ಲೀಡರನ್ನು ಕೊಕ್ಕೆಯ ಹತ್ತಿರ ಕತ್ತರಿಸಿ. ಮೀನು ಸುಸ್ತಾಗಿದ್ದರೆ ಕೊಕ್ಕನ್ನು ಹಿಡಿದು, ದೋಣಿಯನ್ನು ಎರಡು ನಾಟ್ ವೇಗದಲ್ಲಿ ಮುಂದಕ್ಕೆ ಬಿಡಿ, ಕಿವಿರಿನ ಮೂಲಕ ನೀರು ಹಾಯಲಿ. ಮಂಕಾಗಿದ್ದ ಬಣ್ಣ ನಿಧಾನಕ್ಕೆ ವಾಪಸ್ ಬರುತ್ತದೆ. ಅದು ಬಾಲ ಬೀಸಿ ನಿಮ್ಮ ಕೈಯನ್ನು ತಾನೇ ಕೊಡವಿದಾಗ ಬಿಡಿ, ಅಲ್ಲಿಯವರೆಗೆ ಅವಸರ ಬೇಡ.

9. ಇಟ್ಟುಕೊಳ್ಳುವುದಾದರೆ

ಗಾಳಿ ತಣ್ಣಗಿದೆ, ಮೀನು ಕೆಡುವುದಿಲ್ಲ ಅಂದುಕೊಳ್ಳುವುದು ಈ ಕಾಲದ ದೊಡ್ಡ ತಪ್ಪು. ಸೆಣಸಾಡಿದ ಟ್ಯೂನಾದ ಮೈ ಒಳಗೆ ಬಿಸಿಯಾಗಿರುತ್ತದೆ. ಹಾಗೇ ಬಿಟ್ಟರೆ ಮಾಂಸ ಬಿಳಚಿ ಮೆತ್ತಗಾಗುತ್ತದೆ.

ತಲೆಗೆ ಚುಚ್ಚಿ ತಕ್ಷಣ ಕೊಲ್ಲಿ. ಪಕ್ಕದ ಈಜುರೆಕ್ಕೆಯ ಬುಡದಿಂದ ಎರಡು ಮೂರು ಬೆರಳು ಹಿಂದೆ ಎರಡೂ ಕಡೆ ಒಂದೊಂದು ಚಿಕ್ಕ ಗೀರು ಹಾಕಿ, ಅಲ್ಲಿ ಚರ್ಮದ ಕೆಳಗೇ ರಕ್ತನಾಳ ಇದೆ. ಕಿವಿರನ್ನೂ ಕೊಯ್ಯಿರಿ. ರಕ್ತ ಪೂರ್ತಿ ಹರಿದ ಮೇಲೆ ಕಿವಿರು, ಕರುಳು ತೆಗೆದು ಐಸ್ ಗಂಜಿಗೆ ಇಳಿಸಿ. ಎರಡು ಪಾಲು ಐಸ್, ಒಂದು ಪಾಲು ಕಡಲ ನೀರು ಕಲಸಿದರೆ ಐಸ್ ಗಂಜಿ. ಬರೀ ಐಸ್ ತುಂಡುಗಳ ನಡುವೆ ಗಾಳಿ ಇರುತ್ತದೆ, ಗಂಜಿಯಾದರೆ ಮೀನಿನ ಮೈಗೆ ಸುತ್ತಲೂ ಅಂಟಿ ಬೇಗ ತಣಿಸುತ್ತದೆ.

ರುಚಿಗೆ ಮಾತ್ರ ಇಷ್ಟೆಲ್ಲ ಅಲ್ಲ. ಟ್ಯೂನಾ, ಮಹಿ ಮಹಿ, ಬಂಗುಡೆ ಜಾತಿಯ ಮೀನುಗಳು 4 ಡಿಗ್ರಿಗಿಂತ ಬೆಚ್ಚಗೆ ಬಹಳ ಹೊತ್ತು ಉಳಿದರೆ ಅದರಲ್ಲಿ ಹಿಸ್ಟಮಿನ್ ಅನ್ನುವ ವಸ್ತು ಹುಟ್ಟುತ್ತದೆ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗಿ, ತಲೆ ಸಿಡಿದು, ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ. ಒಮ್ಮೆ ಹುಟ್ಟಿದ್ದು ಬೇಯಿಸಿದರೂ ಹೋಗುವುದಿಲ್ಲ, ಫ್ರೀಜರ್‌ನಲ್ಲಿಟ್ಟರೂ ಹೋಗುವುದಿಲ್ಲ. ಐಸ್ ಮುಗಿದರೆ ಮೀನು ಹಿಡಿಯುವುದನ್ನೂ ನಿಲ್ಲಿಸಿ.

10. ದಡಕ್ಕೆ ಬಂದ ಮೇಲೆ

ರೀಲುಗಳಿಗೆ ಸಿಹಿನೀರು ಹನಿಸಿ ತೊಳೆಯಿರಿ, ಪೈಪಿನಿಂದ ಜೋರಾಗಿ ಹೊಡೆದರೆ ಉಪ್ಪು ಒಳಗೆ ಹೋಗುತ್ತದೆ. ಡ್ರ್ಯಾಗ್ ಪೂರ್ತಿ ಸಡಿಲಿಸಿ ಇಡಿ, ಬಿಗಿಯಾಗಿಟ್ಟರೆ ತಟ್ಟೆಗಳು ಅಂಟಿಕೊಳ್ಳುತ್ತವೆ.

ಕೈ ಒರೆಸಿಕೊಂಡು ಒಂದು ಪುಸ್ತಕದಲ್ಲಿ ನಾಲ್ಕು ಸಾಲು ಬರೆಯಿರಿ. ತಾರೀಖು, ಜಾಗ, ನೀರಿನ ಡಿಗ್ರಿ, ಬಣ್ಣ, ಗಾಳಿ, ಹಕ್ಕಿ, ಎಷ್ಟೊತ್ತಿಗೆ ಏನು ಕಚ್ಚಿತು, ಹೊಟ್ಟೆಯಲ್ಲಿ ಏನಿತ್ತು. ಏನೂ ಸಿಗದ ದಿನವೂ ಬರೆಯಿರಿ. ನನ್ನ ಪುಸ್ತಕದಲ್ಲಿ ಒಂದು ಪುಟ ಪೂರ್ತಿ "ಹಸಿರು ನೀರು, 18.2, ಹಕ್ಕಿ ಇಲ್ಲ, ಏನೂ ಇಲ್ಲ" ಅಂತಲೇ ಇದೆ. ಮುಂದಿನ ವರ್ಷ ಆ ಜಾಗಕ್ಕೆ ಹೋಗುವ ಮುಂಚೆ ನಕ್ಷೆಯಲ್ಲಿ 20 ದಾಟುವವರೆಗೆ ಕಾದೆ. ಆ ಪುಟದ ಕೆಳಗೆ ಈಗ ಎರಡು ಟ್ಯೂನಾ ಇವೆ.